ಬಾಲದ ಚುಕ್ಕಿಯ ಲೆಕ್ಕ

ನಮ್ಮವ್ವ ಬಾಲದ ಚುಕ್ಕಿ ನೋಡಿದ್ದು 1965ರಲ್ಲಿ. ದೀಪಾವಳಿ ಅಮಾಸೆ ಕಳೆದು ನಾಲ್ಕೈದು ದಿನವಾಗಿತ್ತಂತೆ. ಯಜಮಾನರ ಕೊಟ್ಟಿಗೆಯ ಸಗಣಿ ಬಾಚೋದಕ್ಕೆ ಕೋಳಿ ಕೂಗೋ ಮುಂಚೆ ಕೇರಿ ಬಿಡಬೇಕು. ಆಗ ಅವಳಿಗೆ ಹದಿನೆಂಟೋ ಏನೋ. ಅವಳ ಪ್ರಾಯದ ಲೆಕ್ಕ ಬರೆದಿಟ್ಟವರು ಯಾರೂ ಇಲ್ಲ.

'ಮೂಡ್ಲಾಗೆ ಎದ್ದಿತ್ತು ಕಣಪ್ಪ. ತಲೆ ಕಾಣ್ತಿರಲಿಲ್ಲ, ಗುಡ್ಡದ ಹಿಂದೆ. ಬಾಲ ಮಾತ್ರ ಪರಕೆ ನಿಲ್ಸಿದಂಗೆ ಮ್ಯಾಲಕ್ಕೆ. ನಾನು ಕೈಯಾಗಿನ ಪರಕೆ ನೋಡ್ದೆ, ಅದ್ನ ನೋಡ್ದೆ. ಇದೇನು ನನ್ನಂಗೆ ಇದೂ ಗುಡ್ಸಕ್ಕೆ ಹೊಂಟೈತಲ್ಲ ಅಂದ್ಕಂಡೆ.'

ಅವಳು ಅದನ್ನು ಯಜಮಾನರ ಮನೆಯವರಿಗೆ ಹೇಳಿದಳು. ಅವರು ಎದ್ದು ಬರುವ ಹೊತ್ತಿಗೆ ಬೆಳಕಾಗಿತ್ತು. ಸುಳ್ಳಿ ಅಂದರು. ಮಾರನೆಯ ದಿನ ಅವರೇ ಎದ್ದು ನೋಡಿದರು. ಅವತ್ತು ಅದು ನಿಜವಾಯಿತು.

ಆಮೇಲೆ ಅರಳಿಕಟ್ಟೆಯ ಮೇಲೆ ಮಾತಾಯಿತು. ಮಳೆ ಹೋಗಿದೆ, ರಾಗಿ ಒಣಗಿದೆ, ಈಗ ಇದು ಬೇರೆ. ಕೇರಿಯ ಕಡೆಯಿಂದಲೇ ಏನೋ ಮೈಲಿಗೆಯಾಗಿದೆ. ನಮ್ಮ ತಾತ ಐದು ರಾತ್ರಿ ಊರ ಎಲ್ಲೆ ಸುತ್ತಿ ತಮಟೆ ಬಡಿಯಬೇಕು, ಬಡಿದು ಚುಕ್ಕಿಯನ್ನು ಎಲ್ಲೆ ದಾಟಿಸಬೇಕು ಎಂದು ತೀರ್ಮಾನವಾಯಿತು. ತಾತ ಬಡಿದ. ಇದನ್ನು ಅವ್ವ ಹೇಳುವಾಗ ಈಗಲೂ ಅವಳ ಮುಖದಲ್ಲಿ ಒಂದು ನಗೆ ಬರುತ್ತದೆ. 'ಮಳೆ ಆಷಾಢದಾಗೇ ಹೋಗಿತ್ತು. ಚುಕ್ಕಿ ಬಂದದ್ದು ದೀಪಾವಳಿಗೆ. ಆಮ್ಯಾಕೆ ಬಂದದ್ದು ಮುಂಚೆ ಹೋದದ್ದನ್ನ ಹ್ಯಾಗೆ ಕಳಿಸ್ತದೆ? ಕೇಳೋ ಹಂಗಿರಲಿಲ್ಲ. ಕಡೀಕೆ ಚುಕ್ಕಿ ಹೋಯ್ತು. ನಿಮ್ ತಾತನ ತಮಟೆಗೇ ಹೋಯ್ತು ಅಂದ್ರು. ಹಂಗಾದ್ರೆ ಕೂಲಿ ಕೊಡಬೇಕಾಗಿತ್ತಲ್ಲ? ಕೊಡ್ಲಿಲ್ಲ.'

ಆ ಚುಕ್ಕಿಯ ಹೆಸರು ಇಕೆಯಾ-ಸೆಕಿ ಎಂದು ನಾನು ತಿಳಿದುಕೊಂಡದ್ದು ಮೇಷ್ಟ್ರಾದ ಮೇಲೆ. 1965ರ ಸೆಪ್ಟೆಂಬರ್ 18ರಂದು ಜಪಾನಿನ ಇಬ್ಬರು ಅದನ್ನು ಬೇರೆ ಬೇರೆ ಊರಿನಿಂದ, ಒಬ್ಬರಿಗೊಬ್ಬರು ಗೊತ್ತಿಲ್ಲದೆ ಕಂಡರು. ಇಬ್ಬರೂ ಕಸುಬಿನಿಂದ ವಿಜ್ಞಾನಿಗಳಲ್ಲ. ಸೆಕಿ ಗಿಟಾರ್ ಹೇಳಿಕೊಡುವ ಮೇಷ್ಟ್ರು. ಇಕೆಯಾ ಪಿಯಾನೊ ಕಾರ್ಖಾನೆಯ ಕೂಲಿ. ತನ್ನ ದುರ್ಬೀನನ್ನು ತಾನೇ ಮಾಡಿಕೊಂಡವನು. ಅಕ್ಟೋಬರ್ 21ರಂದು ಆ ಧೂಮಕೇತು ಸೂರ್ಯನ ಮೈಯಿಂದ ನಾಲ್ಕೂವರೆ ಲಕ್ಷ ಕಿಲೋಮೀಟರ್ ದೂರದಲ್ಲಿ, ಎಂದರೆ ಉರಿಯ ಬಾಯಲ್ಲೇ, ಹಾದು ಮೂರು ಚೂರಾಗಿ ಆಚೆ ಬಂತು. ಹಗಲಲ್ಲೂ ಕಂಡಿತ್ತು. ಅದರ ಬಾಲ ಆಮೇಲೆ ಬೆಳಗಿನ ಜಾವದ ಆಕಾಶದಲ್ಲಿ 25 ಡಿಗ್ರಿ ಉದ್ದ ಬೆಳೆಯಿತೆಂದು ಪುಸ್ತಕಗಳಲ್ಲಿದೆ. ಕಾರ್ಖಾನೆಯ ಕೂಲಿಯವನ ಹೆಸರು ಆಕಾಶದಲ್ಲಿ ನಿಂತಿತು, ನೋಡಿ. ಯಾಕೆಂದರೆ ಅವನು ಕಂಡದ್ದನ್ನು ಅದೇ ರಾತ್ರಿ ಹೊತ್ತು, ದಿಕ್ಕು, ಬೆಳಕು ಸಮೇತ ಬರೆದು ತಂತಿ ಕಳಿಸಿದ. ಆ ತಂತಿಯನ್ನು ತೆಗೆದುಕೊಳ್ಳುವವರೂ ಇದ್ದರು.

ಇನ್ನು ನನ್ನ ಕತೆ. 1986ರಲ್ಲಿ ಹ್ಯಾಲಿ ಬಂದಾಗ ನಾನು ಎಂಟನೆಯ ಕ್ಲಾಸು. ಮಾರ್ಚ್ ತಿಂಗಳ ನಡುವೆ ನಮ್ಮ ಹೈಸ್ಕೂಲಿಗೆ ಯಾರೋ ಒಂದು ದೂರದರ್ಶಕ ತಂದರು. ಬೆಳಗಿನ ಜಾವ ಮೂರೂವರೆಗೇ ಎಲ್ಲರೂ ಬರಬೇಕೆಂದರು. ಕೇರಿಯಿಂದ ನಾವು ನಾಲ್ವರು ಮೂರು ಮೈಲಿ ನಡೆದು ಎಲ್ಲರಿಗಿಂತ ಮೊದಲೇ ಹೋದೆವು. ಮೊದಲು ಹೋದವರು ಅಂತ ಬೆಂಚು, ಸ್ಟ್ಯಾಂಡು, ಪೆಟ್ಟಿಗೆ ಎಲ್ಲ ಮಾಳಿಗೆಗೆ ಹೊರಿಸಿದರು. ಹೊತ್ತೆವು. ಆಮೇಲೆ ಸಾಲು ಮಾಡಿಸಿದರು. ನಾವು ಕಡೆಯಲ್ಲಿ. ಯಾರೂ ಏನೂ ಬೈಯಲಿಲ್ಲ, ಅದನ್ನು ಹೇಳಬೇಕು. 'ನೀವು ಆಮೇಲೆ ಬನ್ರಪ್ಪ' ಅಂದರು, ಅಷ್ಟೆ. ಆಮೇಲೆ ಎಂಬುದು ಬರುವ ಹೊತ್ತಿಗೆ ಮೂಡಲು ಕೆಂಪಾಗಿತ್ತು. ಪೆಟ್ಟಿಗೆ, ಸ್ಟ್ಯಾಂಡು, ಬೆಂಚು ಇಳಿಸಿ ಬಂದೆವು.

ಪರೀಕ್ಷೆಯಲ್ಲಿ 'ನಾನು ಕಂಡ ಹ್ಯಾಲಿ ಧೂಮಕೇತು' ಎಂದು ಪ್ರಬಂಧ ಕೇಳಿದರು. ಬೆಳ್ಳಿಯ ಗರಿಯಂತೆ ಇತ್ತು, ಮೈ ಜುಮ್ಮೆಂದಿತು ಎಂದೆಲ್ಲ ಬರೆದೆ. ಹತ್ತಕ್ಕೆ ಎಂಟು ಬಂತು. ಅವ್ವ ಕಣ್ಣಾರೆ ನೋಡಿದ್ದಕ್ಕೆ ಲೆಕ್ಕವಿಲ್ಲ, ನಾನು ನೋಡದೆ ಇದ್ದದ್ದಕ್ಕೆ ಎಂಟು ನಂಬರು.

ಬಹಳ ವರ್ಷದ ಮೇಲೆ ಒಂದು ಸಂಗತಿ ಓದಿ ಹೊಟ್ಟೆ ಉರಿಯಿತು. ಆ ದಿನಗಳಲ್ಲಿ ಹ್ಯಾಲಿ ಬರಿಗಣ್ಣಿಗೇ ಕಾಣುತ್ತಿತ್ತಂತೆ. ಕರೆಂಟಿಲ್ಲದ ನಮ್ಮ ಕೇರಿಯ ಮುಂದೆ ನಿಂತು ಆಗ್ನೇಯಕ್ಕೆ ಕತ್ತೆತ್ತಿದ್ದರೆ ಸಾಕಾಗಿತ್ತು. ಸಾಲಿನಲ್ಲಿ ನಿಂತ ಆ ಎರಡು ಗಂಟೆಯೂ ಅದು ನಮ್ಮ ತಲೆಯ ಮೇಲೇ ಇತ್ತು. ಎಲ್ಲಿ ನೋಡಬೇಕೆಂದು ಯಾರೂ ಹೇಳಲಿಲ್ಲ. ನಮಗೂ ಕೇಳಬೇಕೆಂದು ತಿಳಿಯಲಿಲ್ಲ. ಅದು ಮತ್ತೆ ಬರುವುದು 2061ಕ್ಕೆ.

ಈಗ ವಿಷಯಕ್ಕೆ ಬರುತ್ತೇನೆ.

2023ರ ಜನವರಿ 9ರಂದು ಚೀನಾದ ನೇರಳೆಬೆಟ್ಟ ವೀಕ್ಷಣಾಲಯದವರ ಚಿತ್ರದಲ್ಲಿ ಒಂದು ಹೊಸ ಚುಕ್ಕಿ ಕಂಡಿತು. ಅವರು ಅದನ್ನು ವರದಿ ಮಾಡಿದರು. ಇಂಥ ವರದಿಯನ್ನು ಬೇರೆಯವರೂ ನೋಡಿ ಹೌದೆನ್ನಬೇಕು, ಅದು ಪದ್ಧತಿ. ಯಾರೂ ನೋಡಲಿಲ್ಲ. ತಿಂಗಳ ಕೊನೆಗೆ ಪಟ್ಟಿಯಿಂದ ತೆಗೆದುಹಾಕಿದರು. ಕಳೆದುಹೋಯಿತು ಎಂದೇ ಲೆಕ್ಕ. ಫೆಬ್ರವರಿ 22ರಂದು ದಕ್ಷಿಣ ಆಫ್ರಿಕದಲ್ಲಿರುವ ಅಟ್ಲಾಸ್ ದೂರದರ್ಶಕಕ್ಕೆ ಅದೇ ಚುಕ್ಕಿ ಸಿಕ್ಕಿತು. ಹಿಂದಕ್ಕೆ ಲೆಕ್ಕ ಹಾಕಿದಾಗ, ಅರೆ, ಇದು ಚೀನಾದವರು ಹೇಳಿದ್ದೇ ಎಂದಾಯಿತು. ಅದಕ್ಕೇ ಅದರ ಹೆಸರು ತ್ಸುಚಿನ್‌ಶಾನ್-ಅಟ್ಲಾಸ್. ನೇರಳೆಬೆಟ್ಟದ ಚೀನಿ ಹೆಸರನ್ನು ಹಳೆಯ ಕಾಗುಣಿತದಲ್ಲಿ ಹಾಗೆ ಬರೆಯುತ್ತಾರೆ. ನಮ್ಮ ಹುಡುಗರ ಬಾಯಲ್ಲಿ ಅದು 'ಚಿನ್ಶಣ್ಣ' ಆಯಿತು. ಈ ಕತೆ ಓದಿದ ದಿನವೇ ಆ ಚುಕ್ಕಿ ನನಗೆ ನಂಟನಾಗಿಬಿಟ್ಟಿತ್ತು.

ಕಂಡಾಗ ಅದು ಗುರುವಿಗೂ ಶನಿಗೂ ನಡುವೆ ಎಲ್ಲೋ ಇತ್ತು. ಕಾಂತಿಮಾನ 18. ಈ ಲೆಕ್ಕ ತಲೆಕೆಳಗು: ಅಂಕಿ ದೊಡ್ಡದಾದಷ್ಟೂ ಬೆಳಕು ಮಂಕು. ಒಂದು ಅಂಕಿ ಇಳಿದರೆ ಬೆಳಕು ಎರಡೂವರೆ ಪಟ್ಟು ಏರುತ್ತದೆ, ಐದು ಇಳಿದರೆ ನೂರು ಪಟ್ಟು. ಬರಿಗಣ್ಣಿನ ಕಟ್ಟಕಡೆ 6. ಎಂದರೆ ಇದು ಕಣ್ಣಿಗೆ ಕಾಣುವ ಅತಿ ಮಂಕು ನಕ್ಷತ್ರಕ್ಕಿಂತ ಅರವತ್ತು ಸಾವಿರ ಪಟ್ಟು ಮಂಕು. ಅಷ್ಟು ದೂರದಲ್ಲೇ ಕಂಡಿದೆ ಎಂದ ಮೇಲೆ ಹತ್ತಿರ ಬಂದಾಗ ಹಬ್ಬವೇ ಎಂದು ಪತ್ರಿಕೆಗಳು ಕುಣಿದವು. 'ಶತಮಾನದ ಧೂಮಕೇತು' ಎಂದವು. ಈ ಮಾತನ್ನು 1973ರಲ್ಲಿ ಕೊಹೂಟೆಕ್ ಬಂದಾಗಲೂ ಅಂದಿದ್ದರು. ಅದು 1974ರ ಜನವರಿಯಲ್ಲಿ ಹುಡುಕಿ ನೋಡುವಷ್ಟು ಮಂಕಾಗಿ ಬಂದು ಅಂದವರ ಮುಖ ಸಣ್ಣಗೆ ಮಾಡಿತ್ತು.

ಮಂಕಾಗುವುದಕ್ಕೆ ಕಾರಣವಿದೆ. ಧೂಮಕೇತು ಎಂದರೆ ಧೂಳು ಮೆತ್ತಿದ ಹಿಮದ ಗುಂಡು. ಸೂರ್ಯನಿಗೆ ದೂರ ಅರ್ಧಕ್ಕಿಳಿದರೆ ಸಾಮಾನ್ಯವಾಗಿ ಬೆಳಕು ಹದಿನಾರು ಪಟ್ಟು ಏರುತ್ತದೆ: ಬಿಸಿಲೂ ಹೆಚ್ಚು, ಹೊರಬರುವ ಆವಿ-ಧೂಳೂ ಹೆಚ್ಚು. ಆದರೆ ಮೊದಲ ಸಲ ಒಳಗೆ ಬರುತ್ತಿರುವ ಹೊಸಬನ ಮೈಮೇಲೆ ಬಲು ಬೇಗ ಆವಿಯಾಗುವ ಹೆಪ್ಪು ಇರುತ್ತದೆ. ಅದು ದೂರದಲ್ಲೇ ಉರಿದು ಮಿಂಚುತ್ತದೆ. ಅದು ಮುಗಿದ ಮೇಲೆ ನೀರಿನ ಹಿಮ ಕಾಯಬೇಕು, ಅದು ನಿಧಾನ. ಹೀಗಾಗಿ ಹೊಸಬರು ಆಸೆ ತೋರಿಸಿ ಕೈಕೊಡುತ್ತಾರೆ ಎಂಬುದು ತಿಳಿದವರ ಅನುಭವ. ಕೆಲವು ಸೂರ್ಯನ ಹತ್ತಿರ ಪುಡಿಯಾಗಿಯೇ ಹೋಗುತ್ತವೆ.

ನಮ್ಮ ಚಿನ್ಶಣ್ಣನೂ ಅಂಥ ಹೊಸಬನೇ. 2024ರ ಬೇಸಿಗೆಯಲ್ಲಿ ಬೆಳಕು ಏರುವುದು ನಿಂತುಬಿಟ್ಟಿತು. ಜುಲೈನಲ್ಲಿ ಝ್ಡೆನೆಕ್ ಸೆಕಾನಿನಾ ಎಂಬ ಹಿರಿಯ ಧೂಮಕೇತು ತಜ್ಞ, ಇದು ಒಳಗೊಳಗೇ ಒಡೆಯುತ್ತಿದೆ, ಸೂರ್ಯನನ್ನು ಮುಟ್ಟುವ ಮೊದಲೇ ಮುಗಿಯುತ್ತದೆ ಎಂದು ಬರೆದರು. ಆತ ಕಟ್ಟೆಪಂಚಾಯ್ತಿಯ ಮಾತಾಡಿದವರಲ್ಲ. ಕಾರಣ ಕೊಟ್ಟು ಲೆಕ್ಕ ಹಾಕಿ ಹೇಳಿದ್ದರು. ಆದರೂ ನನಗೆ ಸಿಟ್ಟು ಬಂತು, ಸುಳ್ಳು ಹೇಳಲಾರೆ. ಎಲ್ಲಿಂದ ಬಂದದ್ದು ಎಂಬುದರ ಮೇಲೆ ಎಲ್ಲಿಗೆ ಮುಟ್ಟುತ್ತದೆ ಎಂದು ಹೇಳುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ, ಅದು ಕಲ್ಲಿನ ವಿಷಯವಾದರೂ ಸರಿ. ಆಮೇಲೆ ನಾನೇ ನನಗೆ ಹೇಳಿಕೊಂಡೆ: ಮೇಷ್ಟ್ರೇ, ಹಿಮದ ಗುಂಡಿಗೆ ಜಾತಿಯಿಲ್ಲ, ನೋಡುವುದನ್ನು ಕಲಿ.

ನನ್ನ ಹತ್ತಿರ ಒಂದು ಬೈನಾಕ್ಯುಲರ್ ಇದೆ, ಹತ್ತು ಪಟ್ಟು ಹಿಗ್ಗಿಸುವಂಥದ್ದು. ಪಗಾರದಲ್ಲಿ ಉಳಿಸಿ ತಗೊಂಡದ್ದು. ಕೇರಿಯ ಆರು ಮಕ್ಕಳನ್ನು ಕೂಡಿಸಿಕೊಂಡೆ. ಅದರಲ್ಲಿ ಹದಿಮೂರು ವರ್ಷದ ಒಬ್ಬ ಹುಡುಗಿ. ಅವಳ ಅಮ್ಮ ಇಟ್ಟಿಗೆ ಗೂಡಿಗೆ ಹೋಗುತ್ತಾಳೆ. ಒಂದು ಇನ್ನೂರು ಪುಟದ ನೋಟ್‌ಬುಕ್ಕು ತಂದು ಗೆರೆ ಹಾಕಿದೆವು: ದಿನ, ಹೊತ್ತು, ಆಕಾಶ, ಬೆಳಕು, ಬಾಲ, ನೋಡಿದವರು.

ಬೆಳಕು ಅಳೆಯುವುದಕ್ಕೆ ಯಂತ್ರ ಬೇಕಿಲ್ಲ. ನಕ್ಷತ್ರ ಚುಕ್ಕಿ, ಧೂಮಕೇತು ಹರಡಿದ ಮಂಜು. ಎರಡನ್ನೂ ಹಾಗೇ ಹೋಲಿಸಲಾಗದು. ಅದಕ್ಕೆ ಮೊದಲು ಧೂಮಕೇತುವನ್ನು ಸರಿಯಾಗಿ ಕೂರಿಸಿ ನೋಡಿ, ಅದರ ಅಗಲ ಬೆಳಕು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಆಮೇಲೆ ಕಾಂತಿಮಾನ ಗೊತ್ತಿರುವ ನಕ್ಷತ್ರಕ್ಕೆ ತಿರುಗಿಸಿ, ಬೇಕೆಂದೇ ಫೋಕಸ್ ಕೆಡಿಸಿ, ಅಷ್ಟೇ ಅಗಲಕ್ಕೆ ಹರಡಿಸಬೇಕು. ಅದು ಮಂಕೋ ಇದು ಮಂಕೋ ನೋಡಬೇಕು. ಒಂದು ಇದಕ್ಕಿಂತ ಹೆಚ್ಚು, ಇನ್ನೊಂದು ಕಡಿಮೆ, ಹಾಗಾದರೆ ನಡುವೆ ಎಲ್ಲಿ? ಸಂತೆಯಲ್ಲಿ ತಕ್ಕಡಿ ಇಲ್ಲದೆ ಎರಡು ಕೈಯಲ್ಲಿ ಕುಂಬಳಕಾಯಿ ತೂಗುವ ಹಾಗೆ. ಒಬ್ಬರ ಅಂಕಿ ಒಬ್ಬರು ನೋಡಕೂಡದು, ಇದೊಂದೇ ನಿಯಮ.

ಸೆಪ್ಟೆಂಬರ್ 27ರಂದು ಅದು ಸೂರ್ಯನಿಗೆ ಅತಿ ಹತ್ತಿರ, ಸುಮಾರು ಐದು ಕೋಟಿ ಎಂಬತ್ತು ಲಕ್ಷ ಕಿಲೋಮೀಟರಿನಲ್ಲಿ ಹಾದುಹೋಯಿತು. ಪುಡಿಯಾಗಲಿಲ್ಲ. ನಮಗೆ ಮೊದಲು ಸಿಕ್ಕಿದ್ದು ಅಕ್ಟೋಬರ್ 2ರ ಬೆಳಿಗ್ಗೆ ಐದೂಕಾಲಿಗೆ, ಕೆರೆ ಏರಿಯ ಮೇಲಿಂದ. ಮೂಡಲಲ್ಲಿ ತಾಳೆಮರಗಳ ಮೇಲೆ ಒಂದು ಬೆಳ್ಳಗಿನ ಗೀರು. ಎತ್ತರದಲ್ಲಿ ಎಡಕ್ಕೆ ಮಘಾ ನಕ್ಷತ್ರ, 1.4, ಬಲಕ್ಕೆ ಹಾವಿನ ಪುಂಜದ ಒಂದೇ ಒಂದು ಪ್ರಕಾಶದ ಚುಕ್ಕಿ, 2.0. ಅರಬರು ಅದಕ್ಕೆ 'ಒಂಟಿ' ಎಂದೇ ಹೆಸರಿಟ್ಟಿದ್ದಾರೆ. ಮಕ್ಕಳು ಬರೆದ ಅಂಕಿ 1.5, 2.0, 2.3, 2. ಇನ್ನಿಬ್ಬರು ನಿದ್ದೆಗಣ್ಣಲ್ಲಿದ್ದರು. ಇಷ್ಟು ಹೆಚ್ಚುಕಡಿಮೆ ಆಯ್ತಲ್ಲ ಸಾ ಅಂತ ಹುಡುಗಿ ಮುಖ ಸಪ್ಪಗೆ ಮಾಡಿದಳು. ಎಲ್ಲರದೂ ಒಂದೇ ಬಂದಿದ್ದರೆ ಕಾಪಿ ಹೊಡೆದಿದ್ದೀರಿ ಅಂತಿದ್ದೆ ಎಂದೆ. ಅಡಿವಾನದ ದೂಳು, ಮಂಜು ಬೆಳಕನ್ನು ತಿನ್ನುತ್ತದೆ. ಅದಕ್ಕೂ ಒಂದು ಕಳೆಯುವ ಲೆಕ್ಕವಿದೆ.

ಅವತ್ತು ಮಹಾಲಯ ಅಮಾಸೆ. ಊರಿನ ಹಿರಿಯರೊಬ್ಬರು ಹಿರಿಯರಿಗೆ ಎಡೆಯಿಡಲು ನೀರಿಗೆ ಬಂದವರು ನಮ್ಮನ್ನು ಕಂಡು ನಿಂತರು. 'ಇಂಥ ದಿನ ಅದ್ನ ನೋಡ್ತಾರೇನ್ರೋ' ಅಂದರು. ಅಂದವರು ಹೋಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, 'ಎಲ್ಲಿ, ನಂಗೂ ಒಸಿ ತೋರ್ಸು.' ಹುಡುಗಿ ಬೈನಾಕ್ಯುಲರ್ ಚಾಚಿದಳು. ಅವರು ಕೈ ಚಾಚಲಿಲ್ಲ. 'ನೀನೇ ಹಿಡ್ಕೊಂಡಿರು ಮಗ, ನಾನು ಹಿಂಗೇ ನೋಡ್ತೀನಿ' ಅಂದು ಬಗ್ಗಿದರು. ಅವಳು ಕೈ ನೀಡಿ ಹಿಡಿದಳು. ಕೈ ನಡುಗುತ್ತಿತ್ತು. ಹತ್ತು ಪಟ್ಟು ಹಿಗ್ಗಿಸುವ ಗಾಜು ನಡುಕವನ್ನೂ ಹತ್ತು ಪಟ್ಟು ಹಿಗ್ಗಿಸುತ್ತದೆ. ಅವರಿಗೇನೂ ಕಾಣಲಿಲ್ಲ. ನಾನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಹುಡುಗಿ ಬೈನಾಕ್ಯುಲರ್ ಇಳಿಸಿ, 'ಬರಿಗಣ್ಗೂ ಕಾಣ್ತೈತೆ ತಾತ. ಅಗೋ, ಆ ಮೂರ್ನೇ ತಾಳೆಮರ ಐತಲ್ಲ, ಅದ್ರ ನೆತ್ತಿಯಿಂದ ನೆಟ್ಟಗೆ ಮ್ಯಾಲಕ್ಕೆ ಬನ್ನಿ' ಅಂದಳು. ಅವರು ನೋಡಿದರು. ಚೊಂಬು ಹಿಡಿದುಕೊಂಡು ಬಹಳ ಹೊತ್ತು ನೋಡಿದರು.

ನಾನು ಏನೂ ಹೇಳಲಿಲ್ಲ. ಹೇಳಬೇಕಾಗಿತ್ತೋ ಏನೋ, ಇವತ್ತಿಗೂ ತೀರ್ಮಾನವಾಗಿಲ್ಲ.

ಅಕ್ಟೋಬರ್ 7ರ ನಂತರ ಅದು ಸೂರ್ಯನ ಪಕ್ಕ ಸೇರಿಕೊಂಡಿತು. ತಮಾಷೆಯೆಂದರೆ ಅದು ಅತಿ ಹೆಚ್ಚು ಬೆಳಗಿದ್ದು ಆಗಲೇ. 9ರಂದು ಕಾಂತಿಮಾನ ಸೊನ್ನೆಗೂ ಕೆಳಗೆ ಇಳಿದು ಮೈನಸ್ 5ರ ಹತ್ತಿರ ಮುಟ್ಟಿತು, ಶುಕ್ರನಿಗಿಂತ ಹೆಚ್ಚು. ಸೂರ್ಯನನ್ನೇ ಕಾಯುತ್ತಿದ್ದ ಸೋಹೊ ನೌಕೆಯ ಕ್ಯಾಮೆರಾಕ್ಕೆ ಅದು ಕಂಡಿತು. ಧೂಮಕೇತುವೇನೂ ಹಿಗ್ಗಿರಲಿಲ್ಲ. ಅದು ನಮಗೂ ಸೂರ್ಯನಿಗೂ ನಡುವೆ ಬಂದಿತ್ತು. ದನ ಮನೆಗೆ ಬರುವ ಹೊತ್ತಲ್ಲಿ ಎದ್ದ ಧೂಳನ್ನು ಪಡುವಲಿಗೆ ಮುಖ ಮಾಡಿ ನೋಡಿದರೆ ಬಂಗಾರ, ಬೆನ್ನು ಮಾಡಿ ನೋಡಿದರೆ ಬರೀ ಮಣ್ಣು, ಅಲ್ಲವೆ? ಅದೇ. ದನ ಕಾಯುವ ಹುಡುಗನಿಗೆ ಇದನ್ನು ವಿವರಿಸುವುದೇ ಬೇಕಾಗಲಿಲ್ಲ. 'ಹೂಂ ಸಾ, ಗೊತ್ತು' ಅಂದ.

12ರಂದು, ವಿಜಯದಶಮಿಯ ದಿನ, ಅದು ಭೂಮಿಗೆ ಅತಿ ಹತ್ತಿರ, ಏಳು ಕೋಟಿ ಕಿಲೋಮೀಟರಿನಲ್ಲಿತ್ತು. 13ರ ಸಂಜೆ ಮೋಡ ಹರಿದು, ಪಡುವಲಲ್ಲಿ ಶುಕ್ರನ ಬಲಕ್ಕೆ, ಸ್ವಾತಿಯ ಎಡಕ್ಕೆ, ಬಾಲ ಎತ್ತಿಕೊಂಡು ನಿಂತಿತ್ತು. ಕೇರಿ ಪೂರಾ ಏರಿಯ ಮೇಲೆ. ಸ್ವಾತಿಗಿಂತ ಮಂಕು, ಆದರೂ ಸುಮಾರು 1. ಕೈ ನೀಡಿ ಮುಷ್ಟಿ ಹಿಡಿದರೆ ಹತ್ತು ಡಿಗ್ರಿ. ಬಾಲ ಒಂದು ಮುಷ್ಟಿಗೆ ಸ್ವಲ್ಪ ಹೆಚ್ಚು. ಅವ್ವನನ್ನೂ ಕರೆದುಕೊಂಡು ಬಂದಿದ್ದೆ. ಒಂದು ಕಣ್ಣು ಪೊರೆ ತೆಗೆಸಿದೆ, ಇನ್ನೊಂದು ಹಾಗೇ ಇದೆ. ನೋಡಿ, 'ಹೂಂ, ಇದೇ ಜಾತಿ. ಆದ್ರೆ ಇದು ಸಣ್ದು. ಅದು ಎಷ್ಟಿತ್ತು!' ಅಂದಳು.

ಆಮೇಲೆ ಮೂರು ದಿನ ಮಳೆ. ನೋಟ್‌ಬುಕ್ಕಿನಲ್ಲಿ 'ಮೋಡ. ಕಾಣಲಿಲ್ಲ' ಎಂದು ಬರೆಸಿದೆ. ಕಾಣದೇ ಹೋದದ್ದನ್ನೂ ಬರೆಯಬೇಕಾ ಸಾ ಎಂದರು. ಅದನ್ನೇ ಮೊದಲು ಬರೆಯಬೇಕು ಎಂದೆ. ಎಂಟು ನಂಬರಿನ ಪ್ರಬಂಧದ ಕತೆ ಅವತ್ತು ಮಕ್ಕಳಿಗೆ ಹೇಳಿದೆ. ನಕ್ಕರು. 18ಕ್ಕೆ 2.5. 20ಕ್ಕೆ 3. 26ಕ್ಕೆ ಬೈನಾಕ್ಯುಲರ್ ಇಲ್ಲದೆ ಹುಡುಕುವುದೇ ಕಷ್ಟ, 5ರ ಹತ್ತಿರ. ಅಂಕಿಗಳನ್ನು ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಇಟ್ಟು ಸೇರಿಸಿದಾಗ ಒಂದು ಗುಡ್ಡ ಎದ್ದು ಇಳಿದಂತೆ ಗೆರೆ ಬಂತು. ಪ್ರಪಂಚದ ಬೇರೆ ಕಡೆಯವರು ಹಾಕಿದ ಗೆರೆಯ ಪಕ್ಕ ಇಟ್ಟು ನೋಡಿದೆವು. ಅಲ್ಲಲ್ಲಿ ಅರ್ಧ ಅಂಕಿ ಹೆಚ್ಚುಕಡಿಮೆ, ಗುಡ್ಡ ಮಾತ್ರ ಅದೇ.

'ಇದನ್ನೇ ಕೆಲಸ ಮಾಡ್ಕಂಡು ಇರಬಹುದಾ ಸಾ?' ಎಂದು ಹುಡುಗಿ ಕೇಳಿದಳು. ಇರಬಹುದು ಎಂದೆ. ಹಾರ್ವರ್ಡಿನಲ್ಲಿ ಓದುವಾಗಲೇ 1949ರಲ್ಲಿ ಧೂಮಕೇತು ಕಂಡುಹಿಡಿದ ವೈನು ಬಪ್ಪು ಅವರ ವಿಷಯ, ಅವರು ಕಟ್ಟಿದ ಕಾವಲೂರಿನ ವೀಕ್ಷಣಾಲಯದ ವಿಷಯ ಹೇಳಿದೆ. ಹೇಳುತ್ತಿದ್ದಾಗ ಗಂಟಲು ಕಟ್ಟಿತು. ಕಾರ್ಲ್ ಸೇಗನ್‌ನ ಹಾಗೆ ವಿಜ್ಞಾನ ಬರೆಯಬೇಕೆಂದಿದ್ದ ರೋಹಿತ್ ವೇಮುಲ 2016ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಹೋದದ್ದು ನೆನಪಾಗಿತ್ತು. ಅದನ್ನು ಅವಳಿಗೆ ಹೇಳಲಿಲ್ಲ. ಮುಂದೆ ಓದಿ ತಾನೇ ತಿಳಿದುಕೊಳ್ಳುತ್ತಾಳೆ.

ನವೆಂಬರ್ ಮೊದಲ ವಾರ ಅವಳು ಮನೆಗೆ ಬಂದಳು. ಅವ್ವ ಅಕ್ಕಿ ಕೇರುತ್ತಿದ್ದಳು. 'ಅಜ್ಜಿ, ಅವತ್ತು ನೀವು ಎಲ್ಲಿ ನಿಂತು ನೋಡಿದ್ರಿ?'

ಅವ್ವ ಮೊರ ಇಳಿಸಿ ಎದ್ದಳು. ಮೂವರೂ ಹೋದೆವು. ಆ ಕೊಟ್ಟಿಗೆ ಈಗಿಲ್ಲ, ಅಲ್ಲಿ ಡೈರಿ ಕಟ್ಟಡ ಬಂದಿದೆ. ಗುಡ್ಡ ಇದೆ. ಅವ್ವ ಅತ್ತ ಇತ್ತ ನೋಡಿ ಒಂದು ಕಡೆ ಕಾಲೂರಿ, 'ಇಲ್ಲಿ' ಅಂದಳು. ಗುಡ್ಡದ ಯಾವ ಕಡೆಯಿಂದ? ತೋರಿಸಿದಳು: ನಡುವಿನ ಕಲ್ಲುಬಂಡೆಯ ಬಲಕ್ಕೆ. ಅದು ಆಗ್ನೇಯ ದಿಕ್ಕು, ಸರಿಯಾಗಿತ್ತು. ಎಲ್ಲೀ ತನಕ? ಅವ್ವ ಆಕಾಶದಲ್ಲಿ ಬೆರಳಿಟ್ಟಳು. ಹುಡುಗಿ, 'ಬೆರಳಲ್ಲ ಅಜ್ಜಿ, ಮುಷ್ಟಿ. ಕೈ ನೀಡ್ಕಂಡು, ಒಂದ್ರ ಮ್ಯಾಲೆ ಒಂದು' ಎಂದು ಕಲಿಸಿದಳು. ಅವ್ವ ಒಂದು ಮುಷ್ಟಿ ಇಟ್ಟಳು, ಅದರ ಮೇಲೆ ಇನ್ನೊಂದು. ಕೆಳಗಿನದನ್ನು ತೆಗೆದು ಮತ್ತೆ ಮೇಲಿಡಲು ಹೋಗಿ, ಅರ್ಧಕ್ಕೆ ನಿಲ್ಲಿಸಿ, 'ಇಲ್ಲ, ಇಷ್ಟೇ' ಅಂದಳು.

ಎರಡೂವರೆ. ಅವಳಿಗೆ ಪುಸ್ತಕದ 25 ಡಿಗ್ರಿಯ ವಿಷಯ ನಾನು ಯಾವತ್ತೂ ಹೇಳಿರಲಿಲ್ಲ. ಹುಡುಗಿಗೂ ಹೇಳಿರಲಿಲ್ಲ.

ಐವತ್ತೊಂಬತ್ತು ವರ್ಷದ ನೆನಪು, ಅದರ ಮೇಲೆ ಪೂರಾ ಭಾರ ಹಾಕಬಾರದು, 'ನೆನಪಿನಿಂದ' ಎಂದು ಸೇರಿಸು ಎಂದೆ. ಅವಳು ಅಲ್ಲೇ ಕುಕ್ಕರಗಾಲಲ್ಲಿ ಕೂತು ಮಂಡಿಯ ಮೇಲೆ ನೋಟ್‌ಬುಕ್ಕು ಇಟ್ಟು, ಮೊದಲ ಪುಟದಲ್ಲಿ, ಅಕ್ಟೋಬರ್ 2ರ ಸಾಲಿಗೂ ಮೇಲೆ ಖಾಲಿ ಬಿಟ್ಟಿದ್ದ ಜಾಗದಲ್ಲಿ ಬರೆಯತೊಡಗಿದಳು. ದಿನ: 1965, ದೀಪಾವಳಿ ಕಳೆದ ನಾಲ್ಕೈದು ದಿನ. ಹೊತ್ತು: ಕೋಳಿ ಕೂಗುವ ಮುಂಚೆ. ಆಕಾಶ: ತಿಳಿ. ಬೆಳಕು: ಗೊತ್ತಿಲ್ಲ. ಬಾಲ: ಎರಡೂವರೆ ಮುಷ್ಟಿ, ನೆನಪಿನಿಂದ. ಕಡೆಯ ಮನೆಗೆ ಬಂದು ತಲೆಯೆತ್ತಿದಳು.

'ಅಜ್ಜಿ, ನಿಮ್ಮ ಹೆಸ್ರು ಪೂರ್ತಿ ಹೇಳಿ.'

'ನನ್ ಹೆಸ್ರು ಯಾಕವ್ವ ಅದ್ಕೆ?' ಅಂದಳು ಅವ್ವ. ಸ್ವಲ್ಪ ಹೊತ್ತು ಗುಡ್ಡದ ಕಡೆ ನೋಡಿದಳು. ಆಮೇಲೆ ಹೇಳಿದಳು, ತನ್ನದನ್ನೂ, ತಮಟೆ ಬಡಿದ ಅಪ್ಪನದನ್ನೂ.